ಹೊಳೆಯ ಈಚೆ ದಡದಲ್ಲಿ ಎಂಟು ದಿನ

ಕಳೆದ ವಾರ ಡೊಂಬಿವಲಿ ಪೂರ್ವದ ತರಕಾರಿ ಗಲ್ಲಿಯಲ್ಲಿ ಶುಂಠಿ ಕೇಳಿದೆ. ಅಂಗಡಿಯ ಹೆಂಗಸು ಶುಂಠಿಯ ಜೊತೆಗೆ ಒಂದು ಕಟ್ಟು ಗವತಿ ಚಹಾವನ್ನೂ ಚೀಲಕ್ಕೆ ತುರುಕಿದಳು. ಇಲ್ಲಿಯ ಮರಾಠಿ ಮನೆಗಳಲ್ಲಿ ಚಹಾಕ್ಕೆ ಹಾಕುವ, ನಿಂಬೆಯ ವಾಸನೆಯ ಉದ್ದನೆಯ ಹುಲ್ಲು ಅದು. ಮಳೆಗಾಲದಲ್ಲಿ ಎಲ್ಲರೂ ಒಯ್ಯುತ್ತಾರೆ, ನೀವೂ ಒಯ್ಯಿರಿ ಎಂದಳು. ಮನೆಗೆ ಬಂದು ಕಟ್ಟು ಬಿಚ್ಚಿ ಒಂದು ಎಸಳನ್ನು ಮುರಿದೆ ಅಷ್ಟೇ. ಕೈ ತಡೆಯಿತು. ಅಡುಗೆಮನೆಯಲ್ಲಿ ನಿಂತಿದ್ದರೂ ನಾನು ಬೇರೆ ಎಲ್ಲೋ ಇದ್ದೆ. ಹಸಿರು ಬಣ್ಣ ಬಳಿದ ಗೋಡೆ, ಕರ್ರ್ ಎನ್ನುವ ಪಂಖ, ನೆಲ ಒರೆಸಿದ ನೀರಿನಿಂದ ಏಳುವ ಇದೇ ವಾಸನೆ, ಬಾಗಿಲ ಹೊರಗೆ ನಿಂತ ಮೋಟಾರ್ ಸೈಕಲ್ಲಿನ ಸದ್ದು...

ಒಲೆಯನ್ನು ಆರಿಸಿ ಕುಳಿತುಬಿಟ್ಟೆ. ಟೈಲರಕ್ಕ ನೆನಪಾದರು.

ನಮ್ಮ ಸೊಸೈಟಿಯ ನೆಲಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಒಂದು ಕೋಣೆ-ಅಡುಗೆಮನೆಯ ಜಾಗ ಅವರದು. ಉಡುಪಿ ಕಡೆಯವರು. ಗಂಡ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು, ಮಗಳು ಆರನೆಯ ಇಯತ್ತೆಯಲ್ಲಿದ್ದಾಗ ತೀರಿಕೊಂಡರು. ಆಮೇಲೆ ಕಿಟಕಿಯ ಪಕ್ಕ ಹೊಲಿಗೆ ಮಶೀನು ಬಂತು. ಫಾಲ್ ಬೀಡಿಂಗ್, ಬ್ಲೌಸು, ಶಾಲೆಯ ಯೂನಿಫಾರ್ಮು. ಅಳತೆಯ ಟೇಪು ಕುತ್ತಿಗೆಯಲ್ಲಿದ್ದರೂ ಅವರು ಅದನ್ನು ಬಳಸಿದ್ದು ಕಡಿಮೆ. ಒಂದು ಸಲ ಮೇಲಿಂದ ಕೆಳಗೆ ನೋಡಿ, "ನೀವು ಈ ವರ್ಷ ಸ್ವಲ್ಪ ಇಳಿದಿದ್ದೀರಿ, ಎಂತ, ಹುಷಾರಿಲ್ಲವಾ?" ಎಂದು ಕೇಳುತ್ತಿದ್ದರು. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ನೋಡಿಲ್ಲ. ಮೇಲಿನ ಮಹಡಿಯ ಗುಜರಾತಿಯವರಿಗೂ ಅವರು ಟೈಲರಕ್ಕನೇ.

ನಾನು ವಿಜಯಪುರದ ಕಡೆಯವಳು. ಒಬ್ಬಳೇ ಇರುವವಳು. ಬೇಲಾಪುರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಇಪ್ಪತ್ತೇಳು ವರ್ಷ ತೆಗೆದೆ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಥಾಣೆ, ಥಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ. ಟೈಲರಕ್ಕನ ಮಗಳು ಬಿ.ಕಾಂ. ಮುಗಿಸಿ ತುರ್ಭೆಯ ಒಂದು ಕಂಪನಿಯ ಬಿಲ್ಲಿಂಗ್ ವಿಭಾಗಕ್ಕೆ ಸೇರಿದ ಮೇಲೆ ನಾವಿಬ್ಬರೂ ಲೇಡೀಸ್ ಡಬ್ಬಿಯಲ್ಲಿ ಒಟ್ಟಿಗೆ ಹೋಗುತ್ತಿದ್ದೆವು. ಒಳ್ಳೆಯ ಹುಡುಗಿ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಮನೆಯಲ್ಲಿ ಅಕ್ಕ ತುಳುವಿನಲ್ಲಿ ಮಾತಾಡಿಸಿದರೂ ಹಿಂದಿಯೇ. "ನನಗೆ ನಾಚಿಕೆಯಾಗುತ್ತದೆ ಮಾರಾಯ್ರೆ, ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದು, ನನ್ನ ಭಾಷೆ ಬೇಡ" ಎಂದು ಅಕ್ಕ ನಗುತ್ತಿದ್ದರು.

ಎರಡು ವರ್ಷಗಳ ಹಿಂದೆ ತುರ್ಭೆಯ ಆ ಕಂಪನಿ ಬೇರೆ ಊರಿಗೆ ಹೋಯಿತು. ಮೂರು ತಿಂಗಳು ಮನೆಯಲ್ಲೇ ಕುಳಿತ ಹುಡುಗಿಗೆ ಯಾರೋ ಪರಿಚಯದವರ ಪರಿಚಯದವರಿಂದ ಬ್ಯಾಂಕಾಕಿನಲ್ಲಿ ಕೆಲಸ ಎಂದು ಬಂತು. ಕಂಪ್ಯೂಟರಿನ ಮುಂದೆ ಕುಳಿತು ಗಿರಾಕಿಗಳ ಜೊತೆ ಮಾತಾಡುವ ಕೆಲಸ, ಇರಲು ಜಾಗ, ಊಟ, ಟಿಕೆಟ್ಟು ಎಲ್ಲ ಅವರದೇ. ಅಕ್ಕನಿಗೆ ಧೈರ್ಯವಾಗಲಿಲ್ಲ. ಮೇಲೆ ಹತ್ತಿ ನನ್ನ ಮನೆಗೆ ಬಂದರು. ಅದಕ್ಕೂ ಕಾರಣವಿತ್ತು. ನಾನು ಒಮ್ಮೆ ಕಚೇರಿಯ ಗೆಳತಿಯರ ಜೊತೆ ನಾಲ್ಕು ದಿನ ಥಾಯ್ಲೆಂಡ್ ಟೂರಿಗೆ ಹೋಗಿ ಬಂದಿದ್ದೆ.

ನಾಲ್ಕು ದಿನ. ಎಸಿ ಬಸ್ಸಿನ ಕಿಟಕಿಯಿಂದ ನೋಡಿದ ದೇಶ. ಆದರೂ ಆ ಸಂಜೆ ನಾನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಕಳಸ್ರಿ ಅಕ್ಕಾರ. ಅಲ್ಲೇನ್ ಹುಲಿ ತಿಂತಾವೇನು? ಎಲ್ಲಿ ನೋಡಿದ್ರೂ ನಮ್ಮ ಮಂದೀನ ಅದಾರ."

ಅಷ್ಟಕ್ಕೇ ನಿಲ್ಲಲಿಲ್ಲ. ಹುಡುಗಿಯ ಅರ್ಜಿಯ ಇಂಗ್ಲಿಷನ್ನು ನಾನೇ ತಿದ್ದಿದೆ. ಆ ಕೆಲಸದವರು ಫೋನಿನಲ್ಲಿ ಮಾತಾಡಿ ಖಾತ್ರಿ ಮಾಡಿಕೊಳ್ಳಲು ಯಾರಾದರೂ ಹಿರಿಯರು ಬೇಕು ಎಂದಾಗ ನಾನೇ ಮಾತಾಡಿದೆ. ಒಬ್ಬ ಹೆಂಗಸು, ಸಕ್ಕರೆಯಂಥ ಹಿಂದಿ. ತಾಯಿ ಒಪ್ಪುತ್ತಿಲ್ಲವಂತೆ ಹೌದಾ ಎಂದು ಕೇಳಿದಳು. ತಾಯಿಯನ್ನು ನಾನು ಒಪ್ಪಿಸುತ್ತೇನೆ, ಮನೆಯಲ್ಲಿ ಗಂಡಸರಿಲ್ಲ, ಅದಕ್ಕೇ ಹೆದರುತ್ತಾರೆ ಎಂದೆ. ಆ ಮನೆಯಲ್ಲಿ ಕೇಳುವವರು ಯಾರೂ ಇಲ್ಲ ಎಂಬುದನ್ನು ಅವಳಿಗೆ ನಾನೇ ಹೇಳಿಕೊಟ್ಟ ಹಾಗಾಯಿತು... ಆ ಫೋನಿನ ಮಾತನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಆಗ ಅದು ಹೇಳುವಷ್ಟು ದೊಡ್ಡದಾಗಿ ಕಾಣಲಿಲ್ಲ.

ಹುಡುಗಿ ಹೋದಳು. ಮೊದಲ ವಾರ ಫೋಟೊ ಬಂತು. ಎರಡನೆಯ ವಾರ ಏನೂ ಬರಲಿಲ್ಲ. ಮೂರನೆಯ ವಾರದಿಂದ ಭಾನುವಾರ ಸಂಜೆ ನಾಲ್ಕಕ್ಕೆ ಮಾತ್ರ ಫೋನು, ಐದು ನಿಮಿಷ. ಎಲ್ಲ ಚೆನ್ನಾಗಿದೆ ಮಮ್ಮಿ, ಊಟ ಚೆನ್ನಾಗಿದೆ, ಕೆಲಸ ಚೆನ್ನಾಗಿದೆ. ಪ್ರತಿ ವಾರ ಅದೇ ಮಾತು, ಅದೇ ಕ್ರಮದಲ್ಲಿ. ಹಿಂದೆ ಯಾರೋ ಕೆಮ್ಮುವ ಸದ್ದು. ಅಕ್ಕನ ಮುಖ ಸಣ್ಣದಾಗುತ್ತ ಹೋಯಿತು. ಫೋನು ತಾನೇ ಕಟ್ಟಾಯಿತಾ, ಅವಳೇ ಇಟ್ಟಳಾ ಎಂದು ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು...

ಐದನೆಯ ಭಾನುವಾರ ನಾನು ಅಲ್ಲೇ ಇದ್ದೆ, ಬ್ಲೌಸು ತೆಗೆದುಕೊಳ್ಳಲು ಹೋದವಳು. ಫೋನು ಸ್ಪೀಕರಿನಲ್ಲಿತ್ತು. ಎಲ್ಲ ಚೆನ್ನಾಗಿದೆ ಮಮ್ಮಿ ಎಂದು ಹಿಂದಿಯಲ್ಲಿ ಶುರುವಾದ ಮಾತು ನಡುವೆ, ಅದೇ ದನಿಯಲ್ಲಿ, ಅದೇ ನಗುವಿನಲ್ಲಿ, ಬೇರೆ ಭಾಷೆಗೆ ಹೊರಳಿತು. "ಯಾನ್ ಸುದೆತ ಆ ಬರಿಟ್ ಉಲ್ಲೆ ಅಮ್ಮಾ. ಪೋಡಿಗೆ ಆಪುಂಡು." ಮತ್ತೆ ಹಿಂದಿ. ಊಟ ಚೆನ್ನಾಗಿದೆ. ಫೋನು ಕಟ್ಟಾಯಿತು.

ನನಗೆ ತುಳು ಬರುವುದಿಲ್ಲ. ಆದರೆ ಆ ಹುಡುಗಿಯ ಬಾಯಿಂದ ನಾನು ತುಳು ಕೇಳಿದ್ದು ಅದೇ ಮೊದಲು. ಅಕ್ಕ ಮಶೀನಿನ ಮೇಲೆ ಎರಡೂ ಕೈ ಊರಿ ನಿಂತಿದ್ದರು.

"ಏನಂದ್ಳು ಅಕ್ಕಾರ?"

"ಹೊಳೆಯ ಆಚೆ ದಡದಲ್ಲಿ ಇದ್ದೇನೆ ಅಂದಳು." ಟೇಪನ್ನು ಕುತ್ತಿಗೆಯಿಂದ ತೆಗೆದಿಟ್ಟು, "ಹೆದರಿಕೆ ಆಗ್ತದೆ ಅಂದಳು."

ಆ ದಿನಗಳಲ್ಲಿ ಪತ್ರಿಕೆಯಲ್ಲಿ ಅಂಥ ಸುದ್ದಿ ಬರುತ್ತಿತ್ತು. ಬ್ಯಾಂಕಾಕಿನಲ್ಲಿ ಕೆಲಸ ಎಂದು ಕರೆಸಿ, ಗಡಿಯ ಹೊಳೆ ದಾಟಿಸಿ ಬರ್ಮಾಕ್ಕೆ ಒಯ್ದು, ಬೇಲಿಯೊಳಗಿನ ಕಟ್ಟಡಗಳಲ್ಲಿ ಕೂಡಿಹಾಕಿ, ಫೋನಿನಲ್ಲಿ ಜಗತ್ತಿನ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಹಚ್ಚುತ್ತಾರೆ, ಮಾಡದಿದ್ದರೆ ಹೊಡೆಯುತ್ತಾರೆ ಎಂದು. ಪೊಲೀಸ್ ಠಾಣೆಗೆ ಹೋದೆವು. ದೂತಾವಾಸಕ್ಕೆ ನಾನು ಮೇಲ್ ಮೇಲೆ ಮೇಲ್ ಬರೆದೆ. ಯಾರೂ ನಮ್ಮನ್ನು ಓಡಿಸಲಿಲ್ಲ. ಹೆಸರು ಬರೆದುಕೊಂಡರು, ಇಂಥವರು ಬಹಳ ಮಂದಿ ಇದ್ದಾರೆ, ಪ್ರಯತ್ನ ನಡೆದಿದೆ, ತಾಳ್ಮೆ ಇರಲಿ ಎಂದರು. ತಾಳ್ಮೆಯಿಂದ ಇನ್ನೂ ಮೂರು ಭಾನುವಾರ ಕಳೆದವು. ಮೂರನೆಯ ಭಾನುವಾರ ಕಳೆದ ನಾಲ್ಕನೆಯ ದಿನ ಅಕ್ಕ ಮತ್ತೆ ಮೇಲೆ ಹತ್ತಿ ಬಂದರು. ಕೈಯಲ್ಲಿ ಹೊಸ ಪಾಸ್‌ಪೋರ್ಟು.

"ನಾನು ಹೋಗುತ್ತೇನೆ. ಪೇಪರಿನಲ್ಲಿ ಬರ್ತದಲ್ಲ, ಆ ಹೊಳೆಯ ಊರಿಗೆ. ನೀವೂ ಬರಬೇಕು."

"ಹೋಗಿ ಏನ್ ಮಾಡೂದು ಅಕ್ಕಾರ?"

"ಎಂತ ಮಾಡಲಿಕ್ಕೂ ಅಲ್ಲ. ಹತ್ತಿರ ಇರಲಿಕ್ಕೆ."

ಆ ಫೋನಿನ ಮಾತನ್ನು ನಾನಿನ್ನೂ ಅವರಿಗೆ ಹೇಳಿರಲಿಲ್ಲ. ಕಚೇರಿಗೆ ರಜೆ ಬರೆದೆ. ವೀಸಾ ಬೇಕಿರಲಿಲ್ಲ. ಎಲ್ಲಕ್ಕಿಂತ ಅಗ್ಗದ ವಿಮಾನ, ಅಲ್ಲಿಂದ ಬಸ್ಸು, ಪಂಖದ ಕೋಣೆ. ಅಕ್ಕ ಎಂಟು ದಿನಕ್ಕೆ ಬೇಕಾದಷ್ಟು ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ, ಒಂದು ಸಣ್ಣ ಕರೆಂಟಿನ ಕೆಟಲ್ ಕಟ್ಟಿಕೊಂಡರು. ಯಾರಾದರೂ ಕೇಳಿದರೆ ಏನು ಹೇಳಬೇಕು ಎಂದು ವಿಮಾನದಲ್ಲಿ ಬಾಯಿಪಾಠ ಮಾಡಿಕೊಂಡೆವು. ನಾವು ಅಕ್ಕ-ತಂಗಿ. ದೇವಸ್ಥಾನ, ಹೊಳೆ ನೋಡಲು ಬಂದವರು.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹುಡುಗಿಗೆ ಆ ಹೆಸರು ಕಿವಿಗೆ ಬೀಳುವುದು ಬೇಡ. ಬ್ಯಾಂಕಾಕಿನಿಂದ ಬೆಳಿಗ್ಗೆ ಹೊರಟ ಬಸ್ಸು ಬಯಲು ಮುಗಿಸಿ ಗುಡ್ಡ ಹತ್ತತೊಡಗಿದಾಗ ಮಧ್ಯಾಹ್ನ ದಾಟಿತ್ತು. ಗುಡ್ಡದ ತಿರುವಿನಲ್ಲಿ ಸೈನಿಕರು ಬಸ್ಸು ನಿಲ್ಲಿಸಿದರು. ಒಬ್ಬ ಎಳೆ ಮುಖದ ಸೈನಿಕ ನಮ್ಮ ಪಾಸ್‌ಪೋರ್ಟು ನೋಡಿ, ನಮ್ಮ ಮುಖ ನೋಡಿ, ಮತ್ತೆ ಪಾಸ್‌ಪೋರ್ಟು ನೋಡಿದ. ಏಕೆ ಬಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಟೆಂಪಲ್ ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಅವನು ನಂಬಲಿಲ್ಲ, ಆದರೆ ಐವತ್ತು ದಾಟಿದ ಇಬ್ಬರು ಹೆಂಗಸರಲ್ಲಿ ಹಿಡಿಯುವಂಥದ್ದೇನೂ ಅವನಿಗೆ ಕಾಣಲಿಲ್ಲ. ಬಿಟ್ಟ.

ಗೆಸ್ಟ್ ಹೌಸು ಮರದ ಹಳೆಯ ಮನೆ. ಒಡತಿ ನಮ್ಮ ವಯಸ್ಸಿನವಳೇ, ಗಂಡಿನಂತೆ ಕೂದಲು ಕತ್ತರಿಸಿಕೊಂಡ ಗಟ್ಟಿ ಹೆಂಗಸು. ಅವಳಿಗೆ ಹತ್ತಿಪ್ಪತ್ತು ಇಂಗ್ಲಿಷ್ ಶಬ್ದ ಬರುತ್ತಿದ್ದವು. ದಿನಾ ಬೆಳಿಗ್ಗೆ ನಿಂಬೆಹುಲ್ಲು ಕುದಿಸಿದ ನೀರಿನಿಂದ ನೆಲ ಒರೆಸುತ್ತಿದ್ದಳು. ಆ ಊರೇ ಒಂದು ವಿಚಿತ್ರ. ಬೀದಿಯಲ್ಲಿ ಕೆನ್ನೆಗೆ ಹಳದಿ ಗಂಧ ಬಳಿದುಕೊಂಡ ಬರ್ಮಾದ ಹೆಂಗಸರು, ಬೇಳೆ-ರೊಟ್ಟಿ ಮಾರುವ ಮುಸಲ್ಮಾನರ ಚಹಾ ಅಂಗಡಿ, ಗೋಡೆಯ ಮೇಲೆ ಮಲಗಿದ ಬೆಕ್ಕುಗಳು. ಬೇರೆ ಕಾರಣಕ್ಕೆ ಹೋಗಿದ್ದರೆ ಇಷ್ಟವಾಗುತ್ತಿತ್ತು.

ಮರುದಿನ ಬೆಳಿಗ್ಗೆ, ಹಿಂದೆ ಎರಡು ಬೆಂಚು ಹಾಕಿದ ಪಿಕಪ್ ಗಾಡಿಯಲ್ಲಿ ಊರ ಹೊರಗಿನ ಹೊಳೆಗೆ ಹೋದೆವು. ದೊಡ್ಡ ಸೇತುವೆ. ಅದರ ಕೆಳಗೆ ಒಣಸೀಗಡಿ, ಗೋಡಂಬಿ, ಹಸಿರು ಕಲ್ಲಿನ ಬಳೆ ಮಾರುವ ಸಂತೆ. ಸಂತೆಯ ಹಿಂದೆ ಮುಳ್ಳುತಂತಿ, ತಂತಿಯ ಹಿಂದೆ ಹೊಳೆ. ನಾನು ದೊಡ್ಡ ನದಿಯೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಕಲ್ಯಾಣದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಅರ್ಧವೂ ಇರಲಿಲ್ಲ. ಆಚೆ ದಡದಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು, ಅವಳ ಬಟ್ಟೆಯ ಬಣ್ಣ, ಬಕೆಟ್ಟಿನ ಬಣ್ಣ ಎಲ್ಲ ಕಾಣುತ್ತಿತ್ತು. ಅವಳ ಹಿಂದೆ ದೂರದಲ್ಲಿ, ಹೊಲಗಳ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಎತ್ತರದ ಬೂದು ಕಟ್ಟಡಗಳು. ನಮ್ಮ ಹೊಸ ಮುಂಬಯಿಯ ಸೆಕ್ಟರುಗಳ ಹಾಗೆಯೇ, ಬಾಲ್ಕನಿಗಳಿಗೆ ಮಾತ್ರ ಕಬ್ಬಿಣದ ಜಾಳಿಗೆ.

ಅಕ್ಕ ತುಂಬಾ ಹೊತ್ತು ನೋಡಿದರು. "ಇಷ್ಟೇನಾ?" ಎಂದರು. "ಇಷ್ಟೇ ದೂರವಾ?"

ಆಮೇಲೆ ದಿನಾ ಅಲ್ಲೇ. ಬೆಳಿಗ್ಗೆ ಹೋಗುವುದು, ಸಂತೆಯ ಕೊನೆಯ ಕಲ್ಲುಬೆಂಚಿನ ಮೇಲೆ ಕೂರುವುದು, ಬಿಸಿಲಿಳಿಯುವ ಮೊದಲು ಮರಳುವುದು. ಅಕ್ಕ ಕಟ್ಟಡಗಳ ಮಹಡಿ ಎಣಿಸುತ್ತಿದ್ದರು. ನಾನು ಜನರನ್ನು ನೋಡುತ್ತಿದ್ದೆ. ನೋಡನೋಡುತ್ತ ನನಗೆ ಭಯ ಬೆಳೆಯಿತು. ದಿನಾ ಅದೇ ಬಾಳೆಹಣ್ಣಿನವಳು, ಅದೇ ಸಿಗರೇಟಿನವನು, ಅದೇ ಕಪ್ಪು ಕನ್ನಡಕದ ಒಬ್ಬಾತ. ನಾವು ಅವರನ್ನು ಗುರುತು ಹಿಡಿದ ಹಾಗೆ ಅವರೂ ನಮ್ಮನ್ನು ಹಿಡಿದಿರಬೇಕಲ್ಲ.

ಮೂರನೆಯ ದಿನ ಕಪ್ಪು ಕನ್ನಡಕದವನು ಬಂದು ಪಕ್ಕದಲ್ಲಿ ಕೂತ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಸ್ವಚ್ಛ ಹಿಂದಿ.

"ಮಾಸೀಜೀ, ಕಿಸ್ಕೋ ಢೂಂಢ್ ರಹೇ ಹೋ?"

ಯಾರನ್ನು ಹುಡುಕುತ್ತಿದ್ದೀರಿ ಎಂದು ತೀರ ಮೆತ್ತಗೆ ಕೇಳಿದ. ಯಾರನ್ನೂ ಇಲ್ಲ, ತಿರುಗಾಡಲು ಬಂದಿದ್ದೇವೆ ಎಂದೆ. ಅವನು ನಕ್ಕ. ಇಲ್ಲಿ ತಿರುಗಾಡಲು ಬರುವ ಹಿಂದೂಸ್ತಾನಿ ತಾಯಂದಿರನ್ನು ನಾನು ನೋಡಿದ್ದೇನೆ ಎಂದ. ಅಕ್ಕ ನನ್ನ ಕಡೆ ತಿರುಗಲೇ ಇಲ್ಲ. ಮಗಳು ಎಂದುಬಿಟ್ಟರು. ಹೆಸರನ್ನೂ ಹೇಳಿಬಿಟ್ಟರು. ಅವನು ಕೇಳಿಕೊಂಡು ಎದ್ದು ಹೋದ.

ನಾಲ್ಕನೆಯ ದಿನ ಬಂದು, ನಿಮ್ಮ ಮಗಳು ಸಿಕ್ಕಳು ಎಂದ. ಆರೋಗ್ಯವಾಗಿದ್ದಾಳೆ. ಬಿಡಿಸಬಹುದು, ಆದರೆ ಅಲ್ಲಿಯ ದೊಡ್ಡವರು ತಾಯಿ ಖುದ್ದು ಬಂದು ಕೇಳಲಿ ಎನ್ನುತ್ತಾರೆ. ಹತ್ತು ನಿಮಿಷದ ಕೆಲಸ. ತಂತಿ ಮುಗಿಯುವಲ್ಲಿ ಮೆಟ್ಟಿಲಿದೆ, ದೋಣಿ ಇದೆ, ಚಹಾ ಕುಡಿಯುವುದರೊಳಗೆ ಬಂದುಬಿಡಬಹುದು.

ಅಕ್ಕ ಎದ್ದರು. ಚೀಲವನ್ನು ನನ್ನ ಮಡಿಲಲ್ಲಿಟ್ಟು ಅವನ ಹಿಂದೆ ನಡೆದರು. ಮೂರ್ನಾಲ್ಕು ಮೆಟ್ಟಿಲು ಇಳಿದೂ ಆಗಿತ್ತು. ಕೆಳಗೆ ಉದ್ದನೆಯ ದೋಣಿ, ಅದರಲ್ಲಿ ಕೂತಿದ್ದ ಇಬ್ಬರು ನಮ್ಮ ಕಡೆ ನೋಡದೆ ಬೇರೆಲ್ಲೋ ನೋಡುತ್ತಿದ್ದರು. ಆ ನೋಡದಿರುವುದೇ ನನಗೆ ಸಾಕಾಯಿತು. ಓಡಿಹೋಗಿ ಅಕ್ಕನ ಸೆರಗು ಹಿಡಿದೆ. ಪಿನ್ನು ಕಿತ್ತು ಬಂತು.

"ಹೋಗಬ್ಯಾಡ್ರಿ ಅಕ್ಕಾರ. ಹತ್ತಿದ್ರ ನೀವೂ ಬರಂಗಿಲ್ಲ, ಆಕೀನೂ ಬರಂಗಿಲ್ಲ."

"ಬಿಡಿ. ಅವಳು ನಿಮ್ಮ ಮಗಳಲ್ಲ."

ಆ ಮಾತಿಗೆ ನನ್ನೊಳಗಿದ್ದದ್ದು ಹೊರಗೆ ಬಿತ್ತು. ಆ ಮೆಟ್ಟಿಲ ಮೇಲೆ, ಅಷ್ಟು ಜನರೆದುರು, ಕನ್ನಡದಲ್ಲಿ, ತೊದಲುತ್ತ ಹೇಳಿದೆ. ಆ ಹೆಂಗಸಿನ ಜೊತೆ ಫೋನಿನಲ್ಲಿ ಮಾತಾಡಿದವಳು ನಾನು. ಮನೆಯಲ್ಲಿ ಗಂಡಸರಿಲ್ಲ ಅಂದವಳು ನಾನು. ನಿಮ್ಮ ಮಗಳನ್ನು ಅವರಿಗೆ ಒಪ್ಪಿಸಿಕೊಟ್ಟವಳು ನಾನು. ಈಗ ನಿಮ್ಮನ್ನೂ ಒಪ್ಪಿಸಲಾರೆ.

ಅಕ್ಕ ನನ್ನನ್ನು ನೋಡಿದರು. ಅಳತೆ ತೆಗೆಯುವಾಗ ನೋಡುತ್ತಿದ್ದ ಹಾಗೆಯೇ, ಮೇಲಿಂದ ಕೆಳಗೆ.

"ಗೊತ್ತುಂಟು ನನಗೆ. ಅವಳು ಹೋಗುವ ಮೊದಲೇ ಹೇಳಿದ್ದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಿಮಗೆ ನನ್ನ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ, ನೀವು ಇಲ್ಲಿಗೆ ಬರುತ್ತಿರಲಿಲ್ಲ. ನನಗೆ ಒಬ್ಬಳಿಗೆ ಬರಲಿಕ್ಕೆ ಆಗುತ್ತಿತ್ತಾ?"

ಆ ಕ್ಷಣ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಇವರು ಎರಡು ತಿಂಗಳು ಅದನ್ನು ಇಟ್ಟುಕೊಂಡೇ ನನಗೆ ಚಹಾ ಕೊಟ್ಟಿದ್ದರು, ಬ್ಲೌಸು ಹೊಲಿದುಕೊಟ್ಟಿದ್ದರು ಎಂದು ಯೋಚಿಸಿ ಇನ್ನೊಂದು ಬಗೆಯ ಹೆದರಿಕೆಯಾಯಿತು.

ಕನ್ನಡಕದವನು ಕೆಳಗಿನಿಂದ ಕೈ ಬೀಸುತ್ತಿದ್ದ. ಅಕ್ಕ ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಅಲ್ಲಿಂದಲೇ ತಮ್ಮ ಡೊಂಬಿವಲಿ ಹಿಂದಿಯಲ್ಲಿ ಹೇಳಿದರು: ನಾಳೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಮಗಳನ್ನು ಒಂದು ಮಾತು ಕೇಳಿಕೊಂಡು ಬಾ. ಚಿಕ್ಕವಳಿದ್ದಾಗ ಅವಳಪ್ಪ ಅವಳನ್ನು ಏನೆಂದು ಕರೆಯುತ್ತಿದ್ದರು?

ಅವನ ಮುಖದ ನಗು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಆಯಿತು ಮಾಸೀಜೀ ಎಂದ. ಫೋನು ಎತ್ತಿ ನಮ್ಮಿಬ್ಬರ ಫೋಟೊ ತೆಗೆದುಕೊಂಡ. ಅವಳಿಗೆ ತೋರಿಸುತ್ತೇನೆ ಎಂದ.

ಮರುದಿನ ಅವನು ತಂದ ಉತ್ತರ "ಗುಡಿಯಾ". ಅಕ್ಕ ಹೌದೆನ್ನುವಂತೆ ತಲೆಯಾಡಿಸಿ, ಇಂದು ನನಗೆ ಹುಷಾರಿಲ್ಲ, ನಾಳೆ ಖಂಡಿತ ಬರುತ್ತೇನೆ ಎಂದು ನಕ್ಕರು. ಅವನ ಕಣ್ಣಿಗೆ ಮರೆಯಾಗುವವರೆಗೂ ನಗುತ್ತಲೇ ನಡೆದರು. ಪಿಕಪ್ ಗಾಡಿಯಲ್ಲಿ ಕೂತ ಮೇಲೆ, "ಅವಳಪ್ಪ ಹಾಗೆ ಕರೆದದ್ದೇ ಇಲ್ಲ. ಅವನು ಅವಳನ್ನು ನೋಡಿಯೇ ಇಲ್ಲ" ಎಂದರು. ನನ್ನ ಮಣಿಕಟ್ಟು ಹಿಡಿದವರು ಇಳಿಯುವವರೆಗೂ ಬಿಡಲಿಲ್ಲ.

ಆಮೇಲಿನದೇ ಕೆಟ್ಟ ದಿನಗಳು. ನಾವು ಹೊಳೆಗೆ ಹೋಗಲಿಲ್ಲ. ಹೊಳೆಯೇ ನಮ್ಮ ಬಳಿ ಬಂದ ಹಾಗಾಯಿತು. ಗೆಸ್ಟ್ ಹೌಸಿನ ಎದುರು ಒಂದು ಮೋಟಾರ್ ಸೈಕಲ್ಲು ಬಂದು ನಿಂತಿತು. ಎಂಜಿನ್ ಆರಿಸದೆ ಸ್ವಲ್ಪ ಹೊತ್ತು ನಿಲ್ಲುವುದು, ಹೋಗುವುದು, ಮತ್ತೆ ಬರುವುದು. ಕಿಟಕಿಯ ಪರದೆ ಸರಿಸಲು ಇಬ್ಬರಿಗೂ ಧೈರ್ಯವಿರಲಿಲ್ಲ. ಕೆಟಲಿನಲ್ಲಿ ನೀರು ಕಾಯಿಸಿ ಅವಲಕ್ಕಿ ನೆನೆಸಿಕೊಂಡು ತಿಂದೆವು, ಸದ್ದಾಗದಂತೆ. ಶನಿವಾರ ಒಡತಿ ಬಾಗಿಲು ತಟ್ಟಿದಳು. ಒಳಗೆ ಬಂದು ಕದ ಹಾಕಿಕೊಂಡು, ತನ್ನ ಎರಡು ಬೆರಳು ಎತ್ತಿ ನಮ್ಮಿಬ್ಬರನ್ನು ತೋರಿಸಿದಳು. ಮ್ಯಾನ್ ಆಸ್ಕ್, ಎಂದಳು. ಎರಡು ಸಲ ಬಂದು ಕೇಳಿದನಂತೆ, ಯಾವ ಕೋಣೆ, ಎಷ್ಟು ದಿನ. ಐ ಸೇ ಗೋ ಹೋಮ್. ಅವರು ಹೋದರು ಎಂದು ಹೇಳಿದೆ ಎಂದಳೋ, ನೀವು ಹೋಗಿರಿ ಎಂದಳೋ... ಎರಡೂ ಇರಬಹುದು.

"ನಾಳೆ ಒಂದು ದಿನ" ಎಂದರು ಅಕ್ಕ ಕನ್ನಡದಲ್ಲೇ, ಒಡತಿಯ ಕೈ ಹಿಡಿದು. "ನಾಳೆ ನಾಲ್ಕು ಗಂಟೆಗೆ ಫೋನು ಬರ್ತದೆ."

ಒಡತಿಗೆ ಏನು ಅರ್ಥವಾಯಿತೋ. ಹೋಗಿ ಮೆಟ್ಟಿಲ ಕೆಳಗಿನ ನಮ್ಮ ಚಪ್ಪಲಿಗಳನ್ನು ಒಳಗೆ ತಂದಿಟ್ಟಳು.

ಭಾನುವಾರ, ನಮ್ಮೂರಿನ ನಾಲ್ಕಕ್ಕೆ, ಅಲ್ಲಿಯ ಐದೂವರೆಗೆ, ಫೋನು ಬಂತು. ಹೊಳೆಯಾಚೆಯಿಂದ ಬಂದ ಕರೆ, ಮುಂಬಯಿಯ ನಂಬರಿಗೆ, ನಮ್ಮ ಹಾಸಿಗೆಯ ಮೇಲೆ. ಎಲ್ಲ ಚೆನ್ನಾಗಿದೆ ಮಮ್ಮಿ. ಊಟ ಚೆನ್ನಾಗಿದೆ. ಅಕ್ಕ ಹಿಂದಿಯಲ್ಲೇ, ನಾನೂ ಚೆನ್ನಾಗಿದ್ದೇನೆ, ಮಶೀನಿಗೆ ಹೊಸ ಬೆಲ್ಟು ಹಾಕಿಸಿದೆ ಎಂದರು. ಅದೇ ಉಸಿರಿನಲ್ಲಿ, "ಯಾನ್ ಮುಲ್ಪನೇ ಉಲ್ಲೆ, ಸುದೆತ ಬರಿಟ್" ಎಂದರು. ಇಲ್ಲೇ ಇದ್ದೇನೆ, ಹೊಳೆಯ ಪಕ್ಕದಲ್ಲಿ. ಅಷ್ಟು ತುಳು ನನಗೂ ಆಗ ತಿಳಿಯುತ್ತಿತ್ತು.

ಆ ಕಡೆ ಯಾರೋ ಕೆಮ್ಮಿದರು. ಆಮೇಲೆ ಹುಡುಗಿ ನಕ್ಕಳು, ಜೋರಾಗಿ, ಯಾವುದೋ ತಮಾಷೆ ಕೇಳಿದವಳಂತೆ. ಆ ನಗುವಿನ ನಡುವೆ, "ಪೋ ಅಮ್ಮಾ. ಪೋ, ಪೋ." ಹೋಗು. ಫೋನು ನಿಂತಿತು.

ಅಷ್ಟು ಕೆಟ್ಟ ನಗುವನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಅಕ್ಕ ಅಳಲಿಲ್ಲ. ಎದ್ದು ಬಟ್ಟೆ ಮಡಚತೊಡಗಿದರು. ಸೋಮವಾರ ಬೆಳಕು ಹರಿಯುತ್ತಿದ್ದಂತೆ ಒಡತಿ ನಮ್ಮನ್ನು ಹಿಂದಿನ ಬಾಗಿಲಿನಿಂದ ಕರೆದೊಯ್ದು, ತನ್ನ ತರಕಾರಿ ಗಾಡಿಯಲ್ಲಿ ಎಲೆಕೋಸಿನ ಬುಟ್ಟಿಗಳ ನಡುವೆ ಕೂರಿಸಿಕೊಂಡು, ಊರ ಬಸ್ ನಿಲ್ದಾಣ ಬಿಟ್ಟು ಮುಂದಿನ ಊರಿನ ನಿಲ್ದಾಣಕ್ಕೆ ಮುಟ್ಟಿಸಿದಳು. ಬಸ್ಸು ಹೊರಡುವವರೆಗೂ ನಿಂತಿದ್ದಳು. ಗುಡ್ಡದ ತಿರುವಿನಲ್ಲಿ ಸೈನಿಕರು ಮತ್ತೆ ಹತ್ತಿದಾಗ ನನಗೆ ಮೊದಲ ಸಲ ಅವರನ್ನು ಕಂಡು ಸಮಾಧಾನವಾಯಿತು.

ಹುಡುಗಿ ಬಂದದ್ದು ಅದಾಗಿ ಆರು ತಿಂಗಳಿಗೆ. ಆಚೆ ದಡದಲ್ಲಿ ಏನೋ ಗಲಾಟೆಯಾಗಿ, ಕಟ್ಟಡಗಳ ಬಾಗಿಲು ತೆರೆದು, ನೂರಾರು ಜನರನ್ನು ಸೇತುವೆ ದಾಟಿಸಿದರು. ಸರಕಾರ ವಿಮಾನ ಕಳಿಸಿತು. ನಮ್ಮ ಪ್ರಯಾಣದಿಂದ ಅದಕ್ಕೇನೂ ಆಗಿರಲಿಲ್ಲ, ನಾವು ಹೋಗದಿದ್ದರೂ ಅವಳು ಬರುತ್ತಿದ್ದಳು. ಇದನ್ನು ನಾನು ಅಕ್ಕನಿಗೆ ಹೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ವಿಮಾನ ನಿಲ್ದಾಣದ ಹೊರಗೆ ಮಗಳು ಎದುರು ಬಂದು ನಿಂತಾಗ ಅಕ್ಕ ಅವಳ ಭುಜದಿಂದ ಭುಜಕ್ಕೆ ಕೈಯಾಡಿಸಿದರು, ಆಮೇಲೆ ಸೊಂಟಕ್ಕೆ. ಮನೆಗೆ ಬಂದ ರಾತ್ರಿಯಿಂದಲೇ ಅವಳ ಹಳೆಯ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಒಳಗೆ ಹಿಡಿದು ಹೊಲಿದರು. ಮತ್ತೆ ದಪ್ಪವಾದರೆ ಬಿಚ್ಚಲು ಬರಲೆಂದು ಹೊಲಿಗೆ ಸಡಿಲ ಇಟ್ಟಿದ್ದೇನೆ ಎಂದು ನನಗೆ ತೋರಿಸಿದರು.

ಹುಡುಗಿ ನನ್ನ ಜೊತೆ ಮಾತಾಡಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು, ಅಷ್ಟೇ. ನಾನೂ ಮಾತಾಡಿಸಲಿಲ್ಲ. ಯಾವ ಬಾಯಿಂದ ಮಾತಾಡಿಸಲಿ? ಅಕ್ಕ ಮಾತ್ರ ಎಂದಿನಂತೆ ಕಿಟಕಿಯಿಂದ ಕರೆದು ಚಹಾ ಕೊಡುತ್ತಿದ್ದರು. ಆ ಎಂಟು ದಿನಗಳ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಮನ್ನಿಸಿದ್ದರೋ, ಮನ್ನಿಸದೆಯೇ ಚಹಾ ಕೊಡಬಲ್ಲವರಾಗಿದ್ದರೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳುವ ದಿನ ಬಂದೀತು ಎಂದುಕೊಂಡಿದ್ದೆ.

ಬರಲಿಲ್ಲ. ಹೋದ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು, ಕೆಮ್ಮು ಎದೆಗೆ ಇಳಿಯಿತು. ಥಾಣೆಯ ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ ಬೆಳಿಗ್ಗೆ ತೀರಿಹೋದರು. ನಾನು ಪನ್ವೇಲ್ ಗಾಡಿ ಹಿಡಿಯಲು ಥಾಣೆಯ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದೆ, ಸಂಜೆ ನೋಡಿಕೊಂಡು ಹೋದರಾಯಿತು ಎಂದು. ಆಸ್ಪತ್ರೆ ಅಲ್ಲಿಂದ ಹತ್ತು ನಿಮಿಷದ ದಾರಿ...

ಮೊನ್ನೆ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಹುಡುಗಿ. ಈಗ ಅವಳು ವಾಶಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಚಹಾ ಬೇಡ ಎಂದಳು. ಎಲ್ಲರೂ ಹೇಳುತ್ತಾರೆ ಆಂಟಿ, ನಿನ್ನ ಮಮ್ಮಿ ಶೇರ್‌ನೀ ಇದ್ದಳು, ಹೆಣ್ಣು ಸಿಂಹ, ಒಬ್ಬಳೇ ಆ ಊರಿಗೆ ನುಗ್ಗಿದಳು, ಯಾವುದಕ್ಕೂ ಹೆದರಲಿಲ್ಲ ಅಂತ. ಸೊಸೈಟಿಯವರು ಹೇಳುತ್ತಾರೆ, ಊರಿನ ಬಂಧುಗಳು ಹೇಳುತ್ತಾರೆ. ಕೇಳಿ ಕೇಳಿ ನನಗೆ ನನ್ನ ಬಗ್ಗೆಯೇ ನಾಚಿಕೆಯಾಗುತ್ತದೆ. ನಾನಲ್ಲಿ ದಿನಾ ಹೆದರುತ್ತಿದ್ದೆ. ಈಗಲೂ ಹೆದರುತ್ತೇನೆ, ಫೋನು ಬಂದರೆ ಸಾಕು.

ನೆಲ ನೋಡುತ್ತ ಕೇಳಿದಳು. "ಮಮ್ಮಿ ಸಚ್ ಮೇ ಡರೀ ನಹೀಂ ಥೀ ಕ್ಯಾ?" ನಿಜವಾಗಿಯೂ ಅಮ್ಮ ಹೆದರಿರಲಿಲ್ಲವಾ?

ಹೌದು, ಹೆದರಿರಲಿಲ್ಲ ಎನ್ನಲು ಬಾಯಿ ತೆರೆದೆ. ತಾಯಿಯನ್ನು ಕಳೆದುಕೊಂಡ ಮಗಳಿಗೆ ಹೇಳುವುದು ಅದನ್ನೇ ಅಲ್ಲವೇ? ಆದರೆ ಒಮ್ಮೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿ ಈ ಹುಡುಗಿಯನ್ನು ಕಳಿಸಿದವಳು ನಾನು. ಈ ಸಲ ಗೊತ್ತಿದ್ದದ್ದನ್ನೇ ಹೇಳಿದೆ.

"ಬಾಳ ಹೆದರಿದ್ರವಾ. ನನಗಿಂತಾ ಹೆಚ್ಚು. ಎಂಟೂ ರಾತ್ರಿ ನನ್ನ ಮಣಿಕಟ್ಟು ಹಿಡ್ಕೊಂಡ ಮಲಗ್ಯಾರ. ಬಚ್ಚಲಕ್ಕ ಹೋದ್ರ ಬಾಗಿಲ ಹೊರಗ ನನ್ನ ನಿಲ್ಲಿಸ್ತಿದ್ರು, ಮಾತಾಡ್ಕೋತ ಇರ್ರಿ ಅಂತ."

ಹುಡುಗಿ ತಲೆ ಎತ್ತಿದಳು. ಹಿಂದಿರುಗಿದ ಮೇಲೆ ಮೊದಲ ಸಲ ಅವಳು ನನ್ನ ಮುಖವನ್ನು ನೇರ ನೋಡಿದ್ದು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಮತ್ತೇನು ಮಾಡುತ್ತಿದ್ದಳು, ಎಲ್ಲ ಹೇಳಿ ಎಂದಳು. ಎಲ್ಲ ಹೇಳಿದೆ. ಮಧ್ಯಾಹ್ನವಾಯಿತು.

ಅವಳು ಇಳಿದು ಹೋದ ಮೇಲೆ ಬಾಗಿಲಲ್ಲೇ ನಿಂತಿದ್ದೆ. ಅಕ್ಕ ಇದ್ದಿದ್ದರೆ ನನ್ನನ್ನು ಚೆನ್ನಾಗಿ ಬೈಯುತ್ತಿದ್ದರು. ಅದನ್ನೆಲ್ಲ ಯಾಕೆ ಹೇಳಲಿಕ್ಕೆ ಹೋದಿರಿ ಮಾರಾಯ್ರೆ ಎಂದು. ಬೈಸಿಕೊಳ್ಳಲು ನಾನು ತಯಾರಿದ್ದೆ. ಕೆಳಗಿನಿಂದ ಯಾರೂ ಕರೆಯಲಿಲ್ಲ.